ಮನೆಯೊಳಗೇ ಇರಿ

ಬೆಳಗಿನಿಂದ ಮೂರು ಸಲ ಒತಿಲಿಯಾ ಮೇಜಿನ ಮೇಲಿನ ಫೋನನ್ನು ಎತ್ತಿ, ಕಿವಿಗೆ ಹಿಡಿದು, ಲೈನು ಇದೆಯೆಂದು ಖಾತ್ರಿ ಮಾಡಿಕೊಂಡು, ಮತ್ತೆ ಇಟ್ಟಿದ್ದಳು. ಲೈನು ಇರಲಿ ಎಂಬ ಆಸೆಯೇನೂ ಅವಳಿಗಿರಲಿಲ್ಲ. ಹೋಗಿದ್ದರೆ ಒಳ್ಳೆಯದೇ ಇತ್ತು. ಆದರೆ ಹೋಗಿದೆಯೋ ಇಲ್ಲವೋ ಎಂದು ತಿಳಿಯದೆ ಕೂರುವುದು ಅವಳಿಂದಾಗುತ್ತಿರಲಿಲ್ಲ. ಪುರಸಭೆಯ ಮೇಲಂತಸ್ತಿನ ಆ ಸಣ್ಣ ಕೋಣೆಗೆ ಒಂದೇ ಕಿಟಕಿ. ಕೆಳಗೆ ಚೌಕ, ಎದುರಿಗೆ ಇಗರ್ಜಿ, ಅದರ ಹಿಂದೆ ಹಿಮ ಹೊದ್ದ ಬೆಟ್ಟ. ಚೌಕದ ಮೂಲೆಯಲ್ಲಿ ಸೌದೆಯ ಬೆಂಕಿ ಹಾಕಿ ಗಂಡಸರು ಡೋಲಿನ ಚರ್ಮ ಕಾಯಿಸುತ್ತಿದ್ದರು. ಒಬ್ಬೊಬ್ಬರೇ ಬೆರಳಲ್ಲಿ ತಟ್ಟಿ, ಕಿವಿ ಹತ್ತಿರ ತಂದು ಕೇಳಿ, ಇನ್ನೂ ಸಾಲದು ಎಂಬಂತೆ ತಲೆಯಾಡಿಸಿ ಮತ್ತೆ ಬೆಂಕಿಗೆ ಹಿಡಿಯುತ್ತಿದ್ದರು. ಅವರೂ ತನ್ನ ಹಾಗೆಯೇ ಎಂದು ಅವಳಿಗೆ ಅನ್ನಿಸಿತು, ಲೈನು ಇದೆಯೋ ಇಲ್ಲವೋ ನೋಡುತ್ತಿದ್ದಾರೆ. ಆದರೆ ಅವರಿಗೆ ಶಬ್ದ ಬೇಕು. ತನಗೆ ಬೇಡ. ಇವತ್ತು ಡಿಸೆಂಬರ್ ಮೂವತ್ತು, ಕರಡಿ ಕುಣಿತದ ದಿನ. ಕಣಿವೆಯ ಐದು ಮೇಳಗಳು ಸೇರಿ ಅರವತ್ತೆರಡು ಜನ ಕರಡಿಯ ತೊಗಲು ತೊಟ್ಟು ಈ ಚೌಕದಲ್ಲಿ ಕುಣಿದು, ಬಿದ್ದು ಸತ್ತು, ಎದ್ದು, ಹಳೆಯ ವರ್ಷವನ್ನು ಊರಾಚೆ ಅಟ್ಟುವ ದಿನ. ಇವತ್ತೊಂದು ದಿನ ಈ ಫೋನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು.

ಅವಳ ಕೆಲಸ ಹೇಳಿಕೊಳ್ಳುವಂಥದ್ದಲ್ಲ. ಎಲ್ಲಾದರೂ ಕರಡಿ ಕಂಡರೆ ಊರಿನವರು ಈ ಫೋನಿಗೆ ಹೇಳುತ್ತಾರೆ. ಅವಳು ನಮೂನೆ ತುಂಬಿ ಜಿಲ್ಲಾ ಕೇಂದ್ರಕ್ಕೆ ಕಳಿಸುತ್ತಾಳೆ. ಅಲ್ಲಿಂದ ಕಣಿವೆಯ ಹನ್ನೊಂದು ಸಾವಿರ ಮೊಬೈಲುಗಳಿಗೆ ಒಟ್ಟಿಗೇ ಎಚ್ಚರಿಕೆ ಹೋಗುತ್ತದೆ, ಸತ್ತವರನ್ನೂ ಎಬ್ಬಿಸುವಂಥ ಒಂದು ಚೀರಾಟದ ಜೊತೆಗೆ: ನಿಮ್ಮ ಪ್ರದೇಶದಲ್ಲಿ ಕರಡಿ ಕಾಣಿಸಿಕೊಂಡಿದೆ, ಮನೆಯೊಳಗೇ ಇರಿ. ಸತ್ತವರನ್ನೂ ಎಂಬುದು ಬರೀ ಮಾತಲ್ಲ. ಜೂನ್‌ನಲ್ಲಿ ಗರಗಸದ ಮಿಲ್ಲಿನ ಯಜಮಾನನ ಶವಸಂಸ್ಕಾರದಲ್ಲಿ ಹೆಂಡತಿ ಅವನ ಕೋಟಿನ ಜೇಬಿನಿಂದ ಮೊಬೈಲು ತೆಗೆಯುವುದನ್ನು ಮರೆತಿದ್ದಳು. ಪಾದ್ರಿ ಕೊನೆಯ ಪ್ರಾರ್ಥನೆಗೆ ಕೈಯೆತ್ತಿದ ಕ್ಷಣಕ್ಕೆ ಸರಿಯಾಗಿ ಪೆಟ್ಟಿಗೆಯೊಳಗಿಂದ ಅದು ಚೀರಿತು. ಹೊತ್ತ ಆರು ಜನರಲ್ಲಿ ಇಬ್ಬರು ಬಿಟ್ಟು ಓಡಿದರು. 'ಪಾಪ, ಅವನೊಬ್ಬನೇ ನೋಡಿ ಸರ್ಕಾರದ ಮಾತು ಕೇಳಿದ್ದು, ಒಳಗೇ ಇದ್ದ' ಎಂದು ವಿಧವೆಯೇ ಆಮೇಲೆ ಹೇಳಿ ನಕ್ಕಳಂತೆ. ಒತಿಲಿಯಾಳಿಗೆ ನಗು ಬಂದಿರಲಿಲ್ಲ. ಆ ನಮೂನೆ ಕಳಿಸಿದವಳು ಅವಳು. ಮೂರು ಕಿಲೋಮೀಟರ್ ಆಚೆಯ ಕಾಡಿನಂಚಿನಲ್ಲಿ ಯಾರೋ ಕಂಡ ಒಂದು ಮರಿಗಾಗಿ. ಕಳಿಸದಿದ್ದರೆ ಕೆಲಸ ಹೋಗುತ್ತದೆ, ಹೆಚ್ಚು ಕಳಿಸಿದರೆ ಯಾರೂ ಏನೂ ಕೇಳುವುದಿಲ್ಲ, ಆದ್ದರಿಂದ ಎಲ್ಲವನ್ನೂ ಕಳಿಸು ಎಂದು ಮೇಲಿನವರು ಮೊದಲ ದಿನವೇ ಹೇಳಿಕೊಟ್ಟಿದ್ದರು. ಹಾಗಾಗಿ ಪಕ್ಕದ ಕಣಿವೆಯ ಕರಡಿಗೂ ಇಲ್ಲಿಯ ಮಕ್ಕಳು ಶಾಲೆಯಲ್ಲಿ ಬೆಂಚಿನ ಕೆಳಗೆ ಕೂತರು. ಬಿರುಗಾಳಿಯ ಎಚ್ಚರಿಕೆ ಮಾತ್ರ ಛಾವಣಿ ಹಾರಿಹೋದ ಮೇಲೆ, ಅದನ್ನು ಹುಡುಕಿ ತಂದು ಮತ್ತೆ ಮೊಳೆ ಹೊಡೆಯುವಾಗ ಬಂತು. ಈಗ ಊರಲ್ಲಿ ಅರ್ಧದಷ್ಟು ಜನ ಅದನ್ನು ಬಂದ್ ಮಾಡಿಸಿದ್ದಾರೆ. ಉಳಿದರ್ಧ ಜನ ಕೇಳಿಸಿಕೊಂಡು, ಬಾಯಿಗೆ ಬಂದದ್ದು ಬೈದು, ಊಟ ಮುಂದುವರಿಸುತ್ತಾರೆ.

ಅದೆಲ್ಲ ಇರಲಿ. ಅವಳನ್ನು ಸುಡುತ್ತಿದ್ದದ್ದು ಬೇರೆ. ಹೋದ ವರ್ಷ ಇದೇ ದಿನ, ಇದೇ ಕಿಟಕಿ. ಹಿಮ ಬೀಳುತ್ತಿತ್ತು. ಇಗರ್ಜಿಯ ಗೋಡೆಯ ಹಿಂದೆ, ಚೌಕದ ಗದ್ದಲಕ್ಕೆ ಬೆನ್ನು ಹಾಕಿ, ಒಂದು ಕರಡಿ ಎರಡು ಕಾಲಿನ ಮೇಲೆ ನಿಂತಿತ್ತು. ಹಿಮದ ತೆರೆಯಲ್ಲಿ ಅದರ ಬೆನ್ನಿನ ಅಗಲವಷ್ಟೇ ಕಂಡಿತು. ಆ ಬೆನ್ನು ಒಮ್ಮೆ ನಡುಗಿತು, ಮೇಲೆ ಒಂದಿಷ್ಟು ಬಿಸಿಯುಸಿರು ಎದ್ದಿತು. ಚೌಕದಲ್ಲಿ ಅರವತ್ತು ಕರಡಿ ಕುಣಿಯುತ್ತಿವೆ ಎಂಬುದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಕೈ ನಮೂನೆಯ ಮೇಲೆ ಓಡಿತು. ನಾಲ್ಕು ನಿಮಿಷದಲ್ಲಿ ಹನ್ನೊಂದು ಸಾವಿರ ಮೊಬೈಲು ಚೀರಿದವು. ಅವತ್ತು, ಬೇಡದ ದಿನ, ಅದು ಎಷ್ಟು ಚುರುಕಾಗಿತ್ತು. ಜನ ಓಡಿದರು, ಯಾರೋ ಬಿದ್ದರು, ಯಾರದೋ ಡೋಲಿನ ಮೇಲೆ ಇನ್ಯಾರದೋ ಕಾಲು ಬಿತ್ತು, ಪೊಲೀಸರು ಬಂದು ಚೌಕ ಖಾಲಿ ಮಾಡಿಸಿದರು. ಗೋಡೆಯ ಹಿಂದಿನ ಕರಡಿ ಪಕ್ಕದ ಮನೆಯ ಯೊರ್ದಾಕೆ ಮಾಮ, ಅಪ್ಪನ ಮೇಳದವನೇ. ನಲವತ್ತು ಕಿಲೋ ತೊಗಲಿನಡಿ ಬೆವತು, ಮರೆಗೆ ಹೋಗಿ ಸಿಗರೇಟು ಹಚ್ಚಿ, ಕೆಮ್ಮಿದ್ದ. ಕುಣಿತಕ್ಕೆ ಇಳಿಯುವ ಸರದಿ ಅಪ್ಪ ಯಜಮಾನನಾಗಿದ್ದ ಮೇಳದ್ದಾಗಿತ್ತು. ಅಪ್ಪ ಕೋಲು ಎತ್ತಿದ್ದ. ಎತ್ತಿದ ಕೋಲು ಹಾಗೇ ಇಳಿದದ್ದನ್ನು ಅವಳು ಮೇಲಿನಿಂದ ಕಂಡಳು. ನಮೂನೆಯಲ್ಲಿ 'ಕಂಡವರು' ಎಂಬ ಸಾಲಿದೆ. ಅಲ್ಲಿ ಅವಳು 'ದಾರಿಹೋಕರೊಬ್ಬರು' ಎಂದು ಬರೆದಿದ್ದಳು. ಒಂದು ವರ್ಷದಿಂದ ಊರು ಆ ದಾರಿಹೋಕನನ್ನು ಹುಡುಕುತ್ತಿದೆ. ಪಟ್ಟಣದವನಿರಬೇಕು, ಕರಡಿಯನ್ನೂ ಕಂಡಿಲ್ಲ, ಮನುಷ್ಯನನ್ನೂ ಕಂಡಿಲ್ಲ ಎನ್ನುತ್ತಾರೆ. ಅಪ್ಪ ಆ ದಾರಿಹೋಕನಿಗೆ ಇಟ್ಟ ಹೆಸರುಗಳನ್ನು ಅವಳು ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತ, ಬೆನ್ನು ತಿರುಗಿಸಿಕೊಂಡೇ ಕೇಳಿದ್ದಾಳೆ.

ಇವತ್ತು ಬೆಳಿಗ್ಗೆ ಅಪ್ಪ ಡೋಲಿನ ಹಗ್ಗ ಬಿಗಿಯುತ್ತ, ಯಾರಿಗೂ ಅಲ್ಲದ ಹಾಗೆ ಹೇಳಿದ್ದ.

'ಈ ಸಲವೂ ಆ ಯಂತ್ರ ಕಿರುಚಿದ್ರೆ ಮುಗೀತು. ಮೇಳ ಮುಚ್ತೀನಿ. ಡೋಲು ಇಗರ್ಜಿಗೆ ಕೊಟ್ಬಿಡ್ತೀನಿ, ಗಂಟೆ ಬದಲು ಬಾರಿಸ್ಕೊಳ್ಳಲಿ.'

'ಹಂಗೆಲ್ಲ ಆಗಲ್ಲಪ್ಪ.'

'ನಿಂಗೇನು ಗೊತ್ತು. ಅಲ್ಲಿ ಕೂತು ಬರ್ಕೊಳ್ಳೋಳು ನೀನು. ಕಿರುಚೋದು ಅವರು.'

ಅಷ್ಟರಲ್ಲಿ ಯೊರ್ದಾಕೆ ಮಾಮ ತೊಗಲನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ತೊಗಲಿನ ತಲೆ ಅವನ ಬೆನ್ನ ಮೇಲೆ ಮಲಗಿದ ಮಗುವಿನಂತೆ ತೂಗಾಡುತ್ತಿತ್ತು. ಕಿವಿಗಳಿಗೆ ಹೊಸ ಕೆಂಪು ಉಣ್ಣೆಯ ಕುಚ್ಚು ಕಟ್ಟಿದ್ದ. 'ಏನಮ್ಮ, ಇವತ್ತು ನನ್ನ ಮೇಲೆ ಒಂದು ಕಣ್ಣಿಟ್ಟಿರು. ಸರ್ಕಾರಕ್ಕೆ ಬೇಕಾದ ಕರಡಿ ನಾನು' ಎಂದ. ವರ್ಷವಿಡೀ ಅವನು ಹೀಗೇ. ಬೇಕರಿಯಲ್ಲಿ, ಬಸ್ಸಿನಲ್ಲಿ, ಮೊಬೈಲು ತೆಗೆದು ಆ ಹಳೆಯ ಸಂದೇಶ ತೋರಿಸುವುದು. ಅಳಿಸಿಲ್ಲ. 'ನೋಡಿ, ಇದು ನನ್ನ ಬಗ್ಗೆ.' ಪ್ರತಿ ಸಲವೂ ಅವಳಿಗೆ ಕಿವಿ ಬಿಸಿಯಾಗುತ್ತಿತ್ತು. ಅವನಿಗೆ ಗೊತ್ತಿದೆಯೇ? ಗೊತ್ತಿದ್ದು ಚುಚ್ಚುತ್ತಿದ್ದಾನೆಯೇ? ಅವನ ನಗುವಿನಲ್ಲಿ ಮುಳ್ಳಿದೆಯೇ ಎಂದು ಅವಳು ಎಷ್ಟು ಸಲ ನೋಡಿದ್ದಾಳೋ. ಕಾಣುವುದು ಹೊಗೆ ಕುಡಿದು ಹಳದಿಯಾದ ಹಲ್ಲುಗಳಷ್ಟೇ.

ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಫೋನು ಹೊಡೆದುಕೊಂಡಿತು.

'ಮಗಾ, ನಾನು ಸಫ್ತಾ. ಇಗರ್ಜಿ ಹಿಂದಿನ ಓಣಿಯಿಂದ. ಅಂಗಳದಲ್ಲಿ ಕರಡಿ ಇದೆ ಕಣೆ.'

ಸಫ್ತಾ ಅಜ್ಜಿ ಈ ತಿಂಗಳಲ್ಲೇ ಏಳು ಸಲ ಫೋನು ಮಾಡಿದ್ದಳು. ಏಳರಲ್ಲಿ ಐದು, ಮೇಳದವರು ಬೇಲಿಯ ಮೇಲೆ ಒಣಗಲು ಹಾಕಿದ ತೊಗಲು.

'ಬೇಲಿ ಮೇಲಿದೆಯಾ ಅಜ್ಜಿ?'

'ಬೇಲಿ ಮೇಲೆ ಯಾಕೆ ಇರತ್ತೆ. ಕೋಸಿನ ಉಪ್ಪಿನಕಾಯಿ ಪೀಪಾಯಿಯೊಳಗೆ ತಲೆ ಹಾಕ್ಕೊಂಡಿದೆ. ಚಳಿಗಾಲಕ್ಕೆ ಅಂತ ಹಾಕಿದ್ದು ಕಣೆ, ಪೂರ್ತಿ ಕುಡೀತಿದೆ.'

'ಕಾಲಿಗೆ ಬೂಟು ಇದೆಯಾ ನೋಡಿ.'

'ನಂಗೆ ಬಾಗಿಲೇ ಸರಿಯಾಗಿ ಕಾಣಲ್ಲ, ಬೂಟು ಎಲ್ಲಿ ನೋಡಲಿ. ಬೇಗ ಏನಾದ್ರೂ ಮಾಡು.'

ಉಪ್ಪಿನಕಾಯಿಯ ರಸ. ನಿನ್ನೆಯ ಪ್ಲಮ್ ಸಾರಾಯಿ ತಲೆಗೇರಿದ ಗಂಡಸರೆಲ್ಲ ಬೆಳಿಗ್ಗೆ ಹುಡುಕುವುದು ಅದನ್ನೇ. ಯೊರ್ದಾಕೆ ಮಾಮನಂತೂ ಅದಕ್ಕಾಗಿ ಊರಿನ ಪ್ರತಿಯೊಂದು ಪೀಪಾಯಿಯ ವಿಳಾಸ ಬಲ್ಲವನು. ಅವಳು ನಮೂನೆಯ ಮೇಲೆ ಕೈಯಿಟ್ಟಳು. ಕಳಿಸಿದರೆ ಅಪ್ಪನ ಡೋಲು ಹೋಯಿತು. ಕಳಿಸದೆ, ಅದು ನಿಜವಾದದ್ದೇ ಆಗಿದ್ದರೆ? ಆ ಓಣಿ ಬಂದು ತೆರೆಯುವುದು ಚೌಕಕ್ಕೆ, ಮಕ್ಕಳು ಸಿಹಿರೊಟ್ಟಿ ಹಿಡಿದು ಸಾಲಾಗಿ ನಿಂತಿರುವಲ್ಲಿಗೇ. ಕೆಳಗೆ ಮೊದಲ ಡೋಲು ಶುರುವಾಯಿತು. ಕಿಟಕಿಯ ಗಾಜು ಸಣ್ಣಗೆ ಅದುರಿತು. ಹೋದ ವರ್ಷ ಕಿಟಕಿಯಿಂದ ನೋಡಿದ್ದೆ, ಎಂದುಕೊಂಡಳು. ಕೋಟು ಸಿಗಲಿಲ್ಲ. ಶಾಲು ಹೊದ್ದು ಮೆಟ್ಟಿಲಿಳಿದಳು.

ಓಣಿಯಲ್ಲಿ ಯಾರೂ ಇರಲಿಲ್ಲ. ತಾನು ಹೀಗೆ ನಡೆಯುತ್ತಿರುವುದನ್ನು ಯಾರಾದರೂ ಕಿಟಕಿಯಿಂದ ನೋಡುತ್ತಿದ್ದರೆ ಏನು ಬರೆದುಕೊಳ್ಳುತ್ತಾರೆ ಎಂಬ ಯೋಚನೆ ಬಂತು. ದಾರಿಹೋಕರೊಬ್ಬರು. ಚಿಕ್ಕವಳಿದ್ದಾಗ ಅಪ್ಪ ಅವಳನ್ನು ತಾತನ ತೊಗಲಿನೊಳಗೆ ಕೂರಿಸುತ್ತಿದ್ದ. ಒಳಗೆ ಕತ್ತಲೆ, ಕರ್ಪೂರ, ಹಳೆಯ ಬೆವರು. ಹೊರಗಿನ ಡೋಲು ಅಲ್ಲಿಗೆ ಬರುವಷ್ಟರಲ್ಲಿ ತನ್ನದೇ ಎದೆಯ ಬಡಿತವಾಗಿರುತ್ತಿತ್ತು. ಹೊರಗೆ ಬಾ ಎಂದರೆ ಅಳುತ್ತಿದ್ದಳು. 'ಇವಳು ಗುಹೆ ಬಿಡಲ್ಲ' ಎಂದು ಎಲ್ಲರೂ ನಗುತ್ತಿದ್ದರು. ಸಫ್ತಾ ಅಜ್ಜಿಯ ಬೇಲಿ ಸೊಂಟದೆತ್ತರ. ಪೀಪಾಯಿಯ ಹತ್ತಿರ ಕಂದು ಬೆನ್ನು. ಅದೇ ಅಗಲ, ಅದೇ ಬಿಸಿಯುಸಿರು. ಒತಿಲಿಯಾಳಿಗೆ ಅಳುವೂ ನಗುವೂ ಒಟ್ಟಿಗೆ ಬಂದವು.

'ಮಾಮ' ಎಂದಳು ಮೆಲ್ಲಗೆ. 'ಮಾಮ, ಸಾಕು ಬನ್ನಿ. ಡೋಲು ಶುರುವಾಯ್ತು. ಅಪ್ಪ ಕಾಯ್ತಿದ್ದಾರೆ.'

ಬೆನ್ನು ಅಲುಗಲಿಲ್ಲ.

'ಅಜ್ಜಿಗೆ ನಾನು ಹೇಳ್ತೀನಿ. ಹೋದ ವರ್ಷದ ಹಾಗೆ ಮಾಡ್ಬೇಡಿ, ನಿಮ್ಮ ದಮ್ಮಯ್ಯ.'

ಆಗ ಅದು ಪೀಪಾಯಿಯಿಂದ ತಲೆ ತೆಗೆದು ತಿರುಗಿತು. ಮೂತಿಯಿಂದ ರಸ ತೊಟ್ಟಿಕ್ಕುತ್ತಿತ್ತು. ಒಂದು ಕೋಸಿನೆಲೆ ಕಿವಿಯ ಮೇಲೆ ಅಂಟಿಕೊಂಡಿತ್ತು, ಕುಚ್ಚು ಇರಬೇಕಾದ ಜಾಗದಲ್ಲಿ. ಕಾಲಿನಲ್ಲಿ ಬೂಟು ಇರಲಿಲ್ಲ. ಎಷ್ಟೋ ಹೊತ್ತು ಎಂದು ಅವಳಿಗನ್ನಿಸಿದ ಒಂದು ಕ್ಷಣ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅದರ ಸಣ್ಣ ಕಣ್ಣುಗಳಲ್ಲಿ ಸಿಟ್ಟಿರಲಿಲ್ಲ. ತಿನ್ನುವಾಗ ಯಾರೋ ಹೆಸರು ಹಿಡಿದು ಕರೆದದ್ದಕ್ಕೆ ಆದ ಸಂಕೋಚ ಮಾತ್ರ ಇತ್ತು. ಆ ಸಂಕೋಚ ಅವಳಿಗೆ ಚೆನ್ನಾಗಿ ಗೊತ್ತು. ಅವಳು ಒಂದೊಂದೇ ಹೆಜ್ಜೆ ಹಿಂದೆ ಸರಿದಳು. ಅದು ಮತ್ತೆ ತಲೆಯನ್ನು ಪೀಪಾಯಿಗಿಳಿಸಿತು.

ಓಣಿಯ ತಿರುವಿನಲ್ಲಿ ನಿಂತು ಮೊಬೈಲಿನಿಂದ ಜಿಲ್ಲಾ ಕೇಂದ್ರಕ್ಕೆ ಕರೆ ಮಾಡಿದಳು. ಕಂಡವರು ಯಾರು ಎಂದು ಕೇಳಿದ ಗಂಡಸಿನ ದನಿಗೆ ನಾನೇ ಎಂದಳು. 'ಮೇಡಂ, ನಿಮ್ಮೂರಿನ ಫೈಲಿನ ಮೇಲೆ ಒಂದು ಟಿಪ್ಪಣಿ ಇದೆ' ಎಂದಿತು ಆ ದನಿ. 'ಡಿಸೆಂಬರ್ ಮೂವತ್ತರಂದು ಅಲ್ಲಿಂದ ಬರುವ ಕರಡಿಯನ್ನು ಮೇಲಧಿಕಾರಿ ಸಹಿ ಇಲ್ಲದೆ ನಂಬಬಾರದು ಅಂತ. ಅದು ಮನುಷ್ಯ ಅಲ್ಲ ಅನ್ನೋದಕ್ಕೆ ಆಧಾರ ಏನಿದೆ?'

'ಬೂಟಿಲ್ಲ.'

'ಅದಕ್ಕೆ ನಮೂನೆಯಲ್ಲಿ ಕಾಲಂ ಇಲ್ಲ. ಸಹಿ ಹಾಕಿಸಿ ಕಳಿಸಿ, ಪರಿಶೀಲನೆ ಮಾಡ್ತೀವಿ.'

ಟಿಪ್ಪಣಿ. ಅದನ್ನು ಬರೆಯಿಸಿದವಳು ತಾನೇ. ತಾನು ಹೋದ ವರ್ಷ ಕಳಿಸಿದ ಸುಳ್ಳು ಒಂದು ವರ್ಷ ಸುತ್ತಿ ಬಂದು ಇವತ್ತಿನ ನಿಜದ ಬಾಗಿಲಿಗೆ ಅಡ್ಡ ಮಲಗಿದೆ. ಸಹಿ ಹಾಕಬೇಕಾದ ಅಧಿಕಾರಿ ಚೌಕದ ವೇದಿಕೆಯ ಮೇಲೆ ಅತಿಥಿಗಳಿಗೆ ಸ್ವಾಗತದ ಉಪ್ಪು-ರೊಟ್ಟಿ ಹಂಚುತ್ತಿದ್ದ. ಪರಿಶೀಲನೆ ಮುಗಿಯುವುದರೊಳಗೆ ಪೀಪಾಯಿ ಖಾಲಿಯಾಗುತ್ತದೆ. ಆಮೇಲೆ ಅದು ಯಾವ ಕಡೆ ಹೋಗುತ್ತದೋ. ಅವಳು ಓಡಿದಳು.

ಚೌಕದಲ್ಲಿ ಅಪ್ಪನ ಮೇಳ ಇಳಿದಿತ್ತು. ಹನ್ನೆರಡು ತೊಗಲುಗಳು ಒಂದರ ಹಿಂದೆ ಒಂದು ಸುತ್ತುತ್ತಿದ್ದವು. ನಡುವೆ ಅಪ್ಪ, ಕಣ್ಣು ಅರ್ಧ ಮುಚ್ಚಿ, ಹೋದ ವರ್ಷದ್ದನ್ನೂ ಸೇರಿಸಿ ಎರಡು ವರ್ಷದ ಡೋಲನ್ನು ಒಂದೇ ಸಲ ಬಾರಿಸುತ್ತಿದ್ದ. ಅವನ ಮುಖದಲ್ಲಿ ಅಂಥ ಸಂತೋಷವನ್ನು ಅವಳು ಮನೆಯಲ್ಲಿ ಯಾವತ್ತೂ ಕಂಡಿರಲಿಲ್ಲ. ಅಪ್ಪ ಎಂದು ಕೂಗಿದಳು, ತನಗೇ ಕೇಳಿಸಲಿಲ್ಲ. ಜನ ಎಷ್ಟಿದ್ದರು, ಅವಳನ್ನು ದಾಟಿ ನೋಡುವುದನ್ನು ಅವರೆಲ್ಲ ಎಷ್ಟು ವರ್ಷದಿಂದ ರೂಢಿ ಮಾಡಿಕೊಂಡಿದ್ದರು. ಕುಣಿಯುವ ಸುತ್ತಿನೊಳಗೆ ಹೊರಗಿನವರು ಕಾಲಿಡಬಾರದು, ಯಜಮಾನನ ಡೋಲನ್ನು ಆಟದ ನಡುವೆ ಯಾರೂ ಮುಟ್ಟಬಾರದು. ಇದು ಊರಿನ ಎಳೆಮಗುವಿಗೂ ಗೊತ್ತು. ಅವಳು ಎರಡು ಕರಡಿಗಳ ನಡುವೆ ನುಸುಳಿ ಹೋಗಿ ಎರಡೂ ಅಂಗೈಗಳನ್ನು ಡೋಲಿನ ಚರ್ಮದ ಮೇಲೆ ಒತ್ತಿ ಹಿಡಿದಳು. ಚರ್ಮ ಬೆಚ್ಚಗಿತ್ತು. ಅಪ್ಪನ ಕೋಲು ಅವಳ ಗೆಣ್ಣಿಗೆ ಒಂದು ಏಟು ಹೊಡೆದು ನಿಂತಿತು. ಮಿಕ್ಕ ಡೋಲುಗಳು ಒಂದೊಂದಾಗಿ ಸತ್ತವು.

'ಕರಡಿ ಬಂದಿದೆ' ಎಂದಳು. 'ಸಫ್ತಾ ಅಜ್ಜಿ ಅಂಗಳದಲ್ಲಿ.'

ಚೌಕ ಬಾಯಿಬಿಟ್ಟು ನಕ್ಕಿತು. 'ಯೊರ್ದಾಕೆ ಮತ್ತೆ ಸಿಗರೇಟು ಹಚ್ಚಿದ್ನಾ?' ಎಂದ ಒಬ್ಬ. 'ಮೊಬೈಲು ಕೆಟ್ಟೋಗಿದೆಯಂತೆ, ಈಗ ಕಾಲ್ನಡಿಗೇಲಿ ಬಂದು ಹೇಳ್ತಿದ್ದಾರೆ' ಎಂದಳು ಇನ್ನೊಬ್ಬಳು. ಒತಿಲಿಯಾಳ ಪಕ್ಕದಲ್ಲೇ ಒಂದು ತೊಗಲಿನ ಬಾಯಿ ತೆರೆದು ಯೊರ್ದಾಕೆ ಮಾಮನ ಮುಖ ಹೊರಗೆ ಬಂತು. 'ನಾನು ಇಲ್ಲೇ ಇದ್ದೀನಲ್ಲಪ್ಪ' ಎಂದ. ನಗು ಇನ್ನಷ್ಟು ಜೋರಾಯಿತು. ಅಪ್ಪ ನಗಲಿಲ್ಲ. ಹೋದ ವರ್ಷ ಇಳಿದ ಹಾಗೆಯೇ ಕೋಲು ನಿಧಾನ ಇಳಿಯುತ್ತಿತ್ತು. ಅದು ಪೂರ್ತಿ ಇಳಿಯುವುದರೊಳಗೆ ಹೇಳಬೇಕು ಎಂದು ಅವಳಿಗೆ ಹೊಳೆಯಿತು. ನಿಜವನ್ನು ನಂಬಿಸಲು ಅವಳ ಹತ್ತಿರ ಇನ್ನೊಂದು ನಿಜವೇ ಇದ್ದದ್ದು.

'ಹೋದ ವರ್ಷ ಮಾಮನ್ನ ಕರಡಿ ಅಂತ ಕಳಿಸಿದ್ದು ನಾನು. ದಾರಿಹೋಕ ಯಾರೂ ಇರಲಿಲ್ಲ. ಮೇಲೆ ಕಿಟಕಿಯಿಂದ ನೋಡಿ, ಇಳಿದು ಬಂದು ವಿಚಾರಿಸದೆ ಬರೆದೆ. ಅದು ತಪ್ಪು. ಇವತ್ತು ಇಳಿದು ಹೋಗಿ ನೋಡಿದ್ದೀನಿ. ಬೇಲಿ ಪಕ್ಕ ನಿಂತು ನೋಡಿದ್ದೀನಿ. ಮಾಮ ಅಂದುಕೊಂಡು ಮಾತಾಡ್ಸಿದೆ ಕೂಡ. ಮಾತಾಡಲಿಲ್ಲ. ಬೂಟಿರಲಿಲ್ಲ.'

ಈ ಸಲ ಯಾರೂ ನಗಲಿಲ್ಲ. ಬೆಂಕಿಯಲ್ಲಿ ಒಂದು ಸೌದೆ ಸಿಡಿದದ್ದು ಕೇಳಿಸಿತು. ಇಷ್ಟೊಂದು ಕಣ್ಣುಗಳು, ಅದರಲ್ಲಿ ಅರವತ್ತೆರಡು ಜೊತೆ ಗಾಜಿನವು. ಕಾಲಡಿಯ ನೆಲ ಬಿರಿಯುತ್ತದೆ ಎಂದುಕೊಂಡಿದ್ದಳು, ಬಿರಿಯಲಿಲ್ಲ. ಗೆಣ್ಣು ಮಾತ್ರ ಉರಿಯುತ್ತಿತ್ತು. ಅಪ್ಪ ಅವಳ ಕೈಯನ್ನು ಡೋಲಿನಿಂದ ಬಿಡಿಸಿ, ಏಟು ಬಿದ್ದ ಜಾಗವನ್ನು ತಿರುಗಿಸಿ ನೋಡಿದ.

'ಎಷ್ಟು ದೊಡ್ಡದು?'

'ಮಾಮನಷ್ಟೇ.'

'ಹಾಗಾದ್ರೆ ದೊಡ್ಡದೇ' ಎಂದು ಅಪ್ಪ ಸೀಟಿಯನ್ನು ಬಾಯಿಗಿಟ್ಟ.

ಆಮೇಲೆ ನಡೆದದ್ದನ್ನು ಊರು ಇನ್ನೂ ಹತ್ತು ವರ್ಷ ಹೇಳಿಕೊಳ್ಳುತ್ತದೆ. ಮಕ್ಕಳೂ ಹೆಂಗಸರೂ ಇಗರ್ಜಿಯ ಒಳಗೆ ಹೋದರು. ಐದು ಮೇಳಗಳು ಸೇರಿ ಮೂವತ್ತು ಡೋಲು ಒಂದು ಸಾಲಾಗಿ, ಅವುಗಳ ಹಿಂದೆ ಅರವತ್ತೆರಡು ತೊಗಲು, ಚೌಕದ ಆಚೆ ಅಂಚಿನಲ್ಲಿ ಓಣಿಗೆ ಮುಖ ಮಾಡಿ ನಿಂತವು. ಯಾರೂ ಓಣಿಯೊಳಗೆ ಹೆಜ್ಜೆಯಿಡಕೂಡದು ಎಂದ ಅಪ್ಪ, ಕೋಲು ಎತ್ತಿದ. ಆ ಕೋಲು ಇಳಿದಾಗ ಛಾವಣಿಗಳ ಮೇಲಿನ ಹಿಮ ಉದುರಿತು. ಒತಿಲಿಯಾ ಇಗರ್ಜಿಯ ಮೆಟ್ಟಿಲ ಮೇಲಿದ್ದಳು. ಶಬ್ದ ಅವಳ ಪಾದದಿಂದ ಏರಿ ಎದೆಗೆ ಬಂತು. ತಾತನ ತೊಗಲಿನ ಒಳಗೆ ಬರುತ್ತಿದ್ದದ್ದೇ. ಈಗ ಬಯಲಿನಲ್ಲಿ. ಓಣಿಯ ಕೊನೆಯಲ್ಲಿ ಅದು ಕಾಣಿಸಿಕೊಂಡಿತು, ಕಿವಿಯ ಮೇಲೆ ಇನ್ನೂ ಕೋಸಿನೆಲೆ. ಕುಣಿಯುತ್ತಿರುವ ತನ್ನ ಅರವತ್ತೆರಡು ನೆಂಟರನ್ನು ಅದು ನಿಂತು ನೋಡಿತು. ನೆಂಟರಿಷ್ಟರ ಗದ್ದಲ ಒಗ್ಗದವರು ಮದುವೆಮನೆಯ ಬಾಗಿಲಿನಿಂದಲೇ ಹಿಂದಿರುಗುತ್ತಾರಲ್ಲ, ಹಾಗೆ ತಿರುಗಿ, ಸಫ್ತಾ ಅಜ್ಜಿಯ ಪ್ಲಮ್ ತೋಟ ಹಾದು, ಹಿಮದಲ್ಲಿ ಒಂದು ಉದ್ದದ ಗೆರೆ ಎಳೆಯುತ್ತ ಬೆಟ್ಟ ಹತ್ತಿತು. ಅದು ಮರಗಳಲ್ಲಿ ಮರೆಯಾಗುವವರೆಗೂ ಯಾರೂ ಡೋಲು ನಿಲ್ಲಿಸಲಿಲ್ಲ. ಮರೆಯಾದ ಮೇಲೂ ನಿಲ್ಲಿಸಲಿಲ್ಲ.

ಹನ್ನೆರಡು ಗಂಟೆ ಐದು ನಿಮಿಷಕ್ಕೆ, ಎಲ್ಲ ಮುಗಿದು ಸಾರಾಯಿಯ ಬಾಟಲಿ ಕೈಯಿಂದ ಕೈಗೆ ಹೋಗುತ್ತಿರುವಾಗ, ಚೌಕದಲ್ಲಿ ಬಂದ್ ಮಾಡಿಸದೆ ಉಳಿದಿದ್ದ ಮೊಬೈಲುಗಳೆಲ್ಲ ಒಟ್ಟಿಗೆ ಚೀರಿದವು. ನಿಮ್ಮ ಪ್ರದೇಶದಲ್ಲಿ ಕರಡಿ ಕಾಣಿಸಿಕೊಂಡಿದೆ, ಮನೆಯೊಳಗೇ ಇರಿ. ಆಮೇಲೆ ಇಗರ್ಜಿಯ ಮೆಟ್ಟಿಲಿನಿಂದ ಶುರುವಾದ ನಗು ಚೌಕವನ್ನೆಲ್ಲ ಮುಳುಗಿಸಿತು. ಪಾದ್ರಿ ಕಂಬ ಹಿಡಿದು ನಕ್ಕ. ಡೋಲುಗಳ ನಡುವೆ ಕೊನೆಗೂ ಸಹಿ ಹಾಕಿ ಕಳಿಸಿದ್ದ ಅಧಿಕಾರಿ ಮೊದಲು ಮುಖ ಬಿಗಿದು, ಆಮೇಲೆ ತಡೆಯಲಾರದೆ ನಕ್ಕ. ಗರಗಸದ ಮಿಲ್ಲಿನ ವಿಧವೆ ಕಣ್ಣೊರೆಸಿಕೊಳ್ಳುತ್ತಿದ್ದಳು. ನಗುತ್ತಿರುವವರಲ್ಲಿ ತಾನೂ ಒಬ್ಬಳು ಎಂದು ಒತಿಲಿಯಾಳಿಗೆ ಸ್ವಲ್ಪ ತಡವಾಗಿ ಗೊತ್ತಾಯಿತು.

ಯೊರ್ದಾಕೆ ಮಾಮ ತೊಗಲಿನ ತಲೆಯನ್ನು ಹಿಂದೆ ಸರಿಸಿಕೊಂಡು ಅವಳತ್ತಲೇ ಬರುತ್ತಿದ್ದ. ಅವಳು ನಗು ನಿಲ್ಲಿಸಿದಳು.

'ನೀನೇನಾ ಅದು?'

'ತಪ್ಪಾಯ್ತು ಮಾಮ.'

'ತಪ್ಪಾ?' ಅವನು ಸುತ್ತ ನಿಂತವರನ್ನು ಸಾಕ್ಷಿಗೆ ಕರೆಯುವವನಂತೆ ನೋಡಿದ. 'ಮೂವತ್ತೆಂಟು ವರ್ಷದಿಂದ ಕುಣೀತಿದ್ದೀನಿ. ಚೆನ್ನಾಗಿದೆ ಯೊರ್ದಾಕೆ ಅಂತಾರೆ, ಮನೆಗೆ ಹೋಗ್ತಾರೆ. ಒಬ್ಬರೇ ಒಬ್ಬರು ಅಳತೆ ಮಾಡಿ, ಸರ್ಕಾರಕ್ಕೆ ಬರೆದು, ಹೌದು ಇದು ಕರಡೀನೇ ಅಂತ ಹೇಳಿದ್ದು. ಯಾರು ಆ ಪುಣ್ಯಾತ್ಮ ಅಂತ ವರ್ಷದಿಂದ ಹುಡುಕ್ತಿದ್ದೀನಿ. ಅವನಿಗೆ ಅಂತ ಒಂದು ಬಾಟಲಿ ಎತ್ತಿಟ್ಟಿದ್ದೀನಿ, ನನ್ನ ಹೆಂಡ್ತಿಗೂ ಮುಟ್ಟೋಕೆ ಬಿಟ್ಟಿಲ್ಲ. ಪಕ್ಕದ ಮನೆ ಹುಡುಗೀನೇ ಅಂದ್ರೆ ಮೊದಲೇ ಹೇಳಬಾರದಿತ್ತಾ?'

ಅವಳು ಅವನ ಹಲ್ಲುಗಳನ್ನು ನೋಡಿದಳು. ಹಳದಿ ಹಲ್ಲುಗಳೇ. ಮುಳ್ಳು ಅಲ್ಲಿ ಎಂದೂ ಇರಲಿಲ್ಲ. ಒಂದು ವರ್ಷ ಅವಳು ಅದನ್ನು ತಾನೇ ನೆಟ್ಟು ತಾನೇ ನೀರೆರೆದಿದ್ದಳು. ಹಿಂದೆ ನಿಂತಿದ್ದ ಅಪ್ಪ ಡೋಲನ್ನು ಅವಳ ಮುಂದೆ ಹಿಡಿದ.

'ಸುತ್ತಿನ ನಡುವೆ ಮುಟ್ಟಿದ್ದೀಯ. ಮುಟ್ಟಿದವರು ಮುಗಿಸಬೇಕು. ಹೊಡಿ.'

ಮಾಮ ತೊಗಲಿನ ತಲೆ ಎಳೆದುಕೊಂಡು, ಮೇಳದ ಉಳಿದ ಹನ್ನೊಂದರ ಜೊತೆ ನೆಲಕ್ಕೊರಗಿದ. ಅವಳು ಅಂಗೈಯಿಂದ ಒಂದು ಏಟು ಹೊಡೆದಳು. ಸತ್ತಂತೆ ಮಲಗಿದ್ದ ಹನ್ನೆರಡು ತೊಗಲುಗಳು ಆ ಒಂದು ಏಟಿಗೆ ಒಟ್ಟಿಗೇ ಎದ್ದವು.

ಶಾಲಿನೊಳಗೆ ಮೊಬೈಲು ನಡುಗಿತು. ಜಿಲ್ಲಾ ಕೇಂದ್ರ. ಒಂದು ಕೈಯಲ್ಲಿ ಡೋಲು ತಟ್ಟುತ್ತಲೇ ಕಿವಿಗಿಟ್ಟಳು.

'ಮೇಡಂ, ಅಪಾಯ ಕಳೆದಿದೆ ಅಂತ ಸಂದೇಶ ಹಾಕಬೇಕು. ಕರಡಿ ಹೋಯಿತಾ?'

'ಒಂದು ಹೋಯಿತು' ಎಂದಳು. 'ಅರವತ್ತೆರಡು ಇವೆ. ಕುಣೀತಾ ಇವೆ.'

'ಇದೇನು ಗದ್ದಲ? ನೀವು ಆಫೀಸಿನಲ್ಲಿ ಇಲ್ವಾ? ಎಲ್ಲಿದ್ದೀರಿ ಈಗ?'

ಒತಿಲಿಯಾ ತಲೆಯೆತ್ತಿ ಪುರಸಭೆಯ ಮೇಲಂತಸ್ತನ್ನು ನೋಡಿದಳು. ಆ ಕಿಟಕಿ ಕೆಳಗಿನಿಂದ ಎಷ್ಟು ಚಿಕ್ಕದಾಗಿ ಕಾಣುತ್ತದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

'ಹೊರಗಿದ್ದೀನಿ' ಎಂದಳು.